ಚಿಲಕ ಹಾಕಿದ್ದ ಆ ಬಾಗಿಲು: ಕಾಣೆಯಾದ ಮಗು ಮತ್ತು ಮನೆಯ ನಕ್ಷೆ

ಮಗುವೊಂದು ಮನೆಯಿಂದ ಕಾಣೆಯಾಗಿದೆ ಅಂತ ಸುದ್ದಿ ಬಂದ ಒಂದೆರಡು ದಿನದಲ್ಲೇ ಆ ಮನೆಯ ನಕ್ಷೆ ಎಲ್ಲರ ಫೋನಿನಲ್ಲೂ ಓಡಾಡಲು ಶುರುವಾಗುತ್ತದೆ. ಯಾರೋ ಹಳೆಯ ಮಾರಾಟದ ಜಾಹೀರಾತಿನಿಂದ ಫೋಟೊ ಹುಡುಕಿ ತೆಗೆದಿರುತ್ತಾರೆ, ಇನ್ಯಾರೋ ಅದರ ಮೇಲೆ ಕೆಂಪು ಬಾಣ ಎಳೆದಿರುತ್ತಾರೆ. ಮಗುವಿನ ಕೋಣೆ ಇಲ್ಲಿ, ಅಪ್ಪ ಅಮ್ಮನ ಕೋಣೆ ಅಲ್ಲಿ, ನಡುವೆ ಮೆಟ್ಟಿಲು, ಹಿಂಬಾಗಿಲು ಈ ಕಡೆ. ಕೊನೆಗೆ ಒಂದೇ ಪ್ರಶ್ನೆ: ಇಷ್ಟು ಹತ್ತಿರ ಮಲಗಿದ್ದವರಿಗೆ ಏನೂ ಕೇಳಿಸಲಿಲ್ಲ ಅಂದ್ರೆ ಹೇಗೆ ನಂಬೋದು?

ಇಂಥ ನಕ್ಷೆ ಕಂಡರೆ ನಾನೂ ನಿಂತು ನೋಡುತ್ತೇನೆ. ಮನೆಯ ವಿನ್ಯಾಸ ತನಿಖೆಗೆ ನಿಜಕ್ಕೂ ಬೇಕಾದದ್ದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಹಳೆಯ ಪ್ರಕರಣಗಳನ್ನು ಓದುತ್ತಾ ಹೋದ ಹಾಗೆ ನನಗೆ ಒಂದು ವಿಷಯ ಗಟ್ಟಿಯಾಗುತ್ತಾ ಬಂದಿದೆ. ನೀವು ಯಾವ ಪ್ರಶ್ನೆ ಕೇಳುತ್ತೀರೋ ನಕ್ಷೆ ಅದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಮಗು ಎಲ್ಲಿದೆ ಅಂತ ಕೇಳಿದರೆ ಒಂದು ಮನೆ ಕಾಣುತ್ತದೆ, ಕಳ್ಳ ಹೇಗೆ ಹೊರಗೆ ಹೋದ ಅಂತ ಕೇಳಿದರೆ ಅದೇ ಮನೆ ಬೇರೆಯಾಗಿ ಕಾಣುತ್ತದೆ. ಯಾರು ಮಾಡಿದ್ದು ಅಂತ ಕೇಳಿದರೆ ಅದರಲ್ಲಿ ಉತ್ತರವೇ ಇಲ್ಲ.

ಅಮೆರಿಕದ ಕೊಲರಾಡೊ ರಾಜ್ಯದ ಬೌಲ್ಡರ್ ಊರಿನ ಪ್ರಕರಣ ಇದಕ್ಕೆ ಎಲ್ಲಕ್ಕಿಂತ ಕಹಿಯಾದ ಉದಾಹರಣೆ. 1996ರ ಡಿಸೆಂಬರ್ 26ರ ಬೆಳಗ್ಗೆ 6 ವರ್ಷದ ಹುಡುಗಿ ಹಾಸಿಗೆಯಲ್ಲಿ ಇರಲಿಲ್ಲ. ಹಿಂದಿನ ಸುರುಳಿ ಮೆಟ್ಟಿಲ ಮೇಲೆ ಹಣ ಕೇಳುವ ಪತ್ರ ಇತ್ತು. ಪತ್ರ ಇದ್ದ ಕಾರಣ ಎಲ್ಲರೂ ಇದು ಅಪಹರಣ, ಮಗು ಹೊರಗಿದೆ ಅಂತಲೇ ತಿಳಿದರು. ಮೊದಲು ಬಂದ ಪೊಲೀಸ್ ಅಧಿಕಾರಿ ನೆಲಮಾಳಿಗೆಗೂ ಹೋದರು. ಅಲ್ಲಿ ಒಂದು ಬಾಗಿಲಿಗೆ ಮೇಲ್ಗಡೆ ಮರದ ಚಿಲಕ ಹಾಕಿತ್ತು. ಅವರು ಹುಡುಕುತ್ತಿದ್ದದ್ದು ಅಪಹರಣಕಾರ ಹೊರಗೆ ಹೋದ ದಾರಿಯನ್ನು. ಚಿಲಕ ಈ ಕಡೆಯಿಂದ ಹಾಕಿದೆ ಅಂದಮೇಲೆ ಆ ಬಾಗಿಲಿನಿಂದ ಯಾರೂ ಆಚೆ ಹೋಗಿರಲು ಸಾಧ್ಯವಿಲ್ಲ. ಆದ್ದರಿಂದ ಅವರು ಬಾಗಿಲು ತೆಗೆಯದೆ ಮೇಲೆ ಬಂದರು. ಮಧ್ಯಾಹ್ನ ಸುಮಾರು ಒಂದು ಗಂಟೆಗೆ ಮನೆಯನ್ನು ಇನ್ನೊಮ್ಮೆ ನೋಡಿ ಅಂತ ಪತ್ತೇದಾರೆ ಹೇಳಿದಾಗ, ತಂದೆಯೇ ಕೆಳಗೆ ಹೋಗಿ ಆ ಬಾಗಿಲು ತೆಗೆದರು. ಮಗುವಿನ ಶವ ಅಲ್ಲೇ ಇತ್ತು.

ಆ ಅಧಿಕಾರಿಯ ತರ್ಕದಲ್ಲಿ ತಪ್ಪಿರಲಿಲ್ಲ, ಅದನ್ನು ಗಮನಿಸಿ. ಹೊರಗೆ ಹೋಗುವ ದಾರಿ ಹುಡುಕುವವನಿಗೆ ಆ ಚಿಲಕ ಸರಿಯಾದ ಉತ್ತರವನ್ನೇ ಕೊಟ್ಟಿತು. ಮಗುವನ್ನು ಹುಡುಕುವವನಾಗಿದ್ದರೆ ಅದೇ ಚಿಲಕ "ಇದನ್ನು ಮೊದಲು ತೆಗಿ" ಅಂತ ಹೇಳುತ್ತಿತ್ತು. ಬೆಳಗ್ಗೆಯಿಂದ ಆ ಬಾಗಿಲು ತೆಗೆಯುವವರೆಗಿನ ಸುಮಾರು ಏಳು ಗಂಟೆಗಳಲ್ಲಿ ಸ್ನೇಹಿತರು ಮನೆ ತುಂಬಾ ಓಡಾಡಿದ್ದರು. ಕುರುಹುಗಳು ಎಷ್ಟು ಹಾಳಾದವು ಅಂತ ಯಾರೂ ಲೆಕ್ಕ ಹಾಕುವಂತಿಲ್ಲ. ಆ ಪ್ರಕರಣ ಇವತ್ತಿಗೂ ಬಗೆಹರಿದಿಲ್ಲ.

ಅದಕ್ಕೇ ಮೊದಲ ಗಂಟೆಯಲ್ಲಿ ಮನೆಯನ್ನು ಮಗುವಿನ ಅಳತೆಯಲ್ಲಿ ನೋಡಬೇಕು. ದೊಡ್ಡವರು ನಕ್ಷೆಯಲ್ಲಿ ಕೋಣೆಗಳನ್ನು ನೋಡುತ್ತಾರೆ, ಸಣ್ಣ ಮಗುವಿಗೆ ಮನೆ ಅಂದರೆ ಸಂದುಗೊಂದುಗಳು. ಒಗೆಯೋ ಬಟ್ಟೆಯ ರಾಶಿ, ಮಂಚದ ಕೆಳಗಿನ ಡ್ರಾಯರ್, ಪರದೆಯ ಹಿಂದೆ, ಬೀರುವಿನ ತಳ, ವಾಷಿಂಗ್ ಮಷಿನ್, ಹಳೆಯ ಫ್ರಿಜ್, ಕಾರಿನ ಡಿಕ್ಕಿ. ಇವು ಯಾವುದೂ ನಕ್ಷೆಯಲ್ಲಿ ಇರುವುದಿಲ್ಲ. ಕಣ್ಣಾಮುಚ್ಚಾಲೆ ಆಡುತ್ತಾ ಎಲ್ಲೋ ನುಸುಳಿ ನಿದ್ದೆ ಹೋದ ಮಗು ಹತ್ತು ಜನ ಹೆಸರು ಹಿಡಿದು ಕೂಗಿದರೂ ಏಳದೆ ಇರಬಹುದು, ಅಥವಾ ಇಷ್ಟೊಂದು ಜನ ಗಾಬರಿಯಿಂದ ಕೂಗುತ್ತಿರುವುದನ್ನು ಕೇಳಿ ಬೈಸಿಕೊಳ್ಳುವ ಹೆದರಿಕೆಗೆ ಇನ್ನಷ್ಟು ಒಳಗೆ ಮುದುಡಿಕೊಳ್ಳಬಹುದು. ಕೂಗಿದೆ, ಉತ್ತರ ಬರಲಿಲ್ಲ, ಆದ್ದರಿಂದ ಇಲ್ಲಿ ಇಲ್ಲ ಅನ್ನುವ ತೀರ್ಮಾನಕ್ಕೆ ಬೆಲೆ ಇಲ್ಲ.

ಇದು ಸುಮ್ನೆ ಹೇಳುವ ಮಾತಲ್ಲ, ಈ ಸಂದುಗಳು ಜೀವ ತೆಗೆದಿವೆ. ಹಳೆಯ ಫ್ರಿಜ್ಜುಗಳ ಬಾಗಿಲು ಹೊರಗಿನ ಹಿಡಿಯಿಂದ ಮಾತ್ರ ತೆಗೆಯುವಂತಿದ್ದವು. ಒಳಗೆ ಅಡಗಿದ ಮಕ್ಕಳು ಉಸಿರುಗಟ್ಟಿ ಸತ್ತ ಮೇಲೆ, ಒಳಗಿನಿಂದಲೂ ತಳ್ಳಿ ತೆಗೆಯುವಂತೆ ಇರಲೇಬೇಕು ಅಂತ ಅಮೆರಿಕ 1956ರಲ್ಲಿ ಕಾನೂನು ತಂದಿತು. ಮುಚ್ಚಳ ಬಿದ್ದರೆ ತಾನೇ ಬೀಗ ಬೀಳುತ್ತಿದ್ದ ಮರದ ಪೆಟ್ಟಿಗೆಗಳಲ್ಲೂ ಹೀಗೇ ಆಯಿತು. 1912ರಿಂದ 1987ರವರೆಗೆ ತಯಾರಾದ ಸುಮಾರು 1.2 ಕೋಟಿ ಪೆಟ್ಟಿಗೆಗಳ ಬೀಗ ಬದಲಿಸಲು 1996ರಲ್ಲಿ ಪ್ರಕಟಣೆ ಕೊಡಬೇಕಾಯಿತು. ಕಾರಿನ ಡಿಕ್ಕಿಯೊಳಗೆ ಕತ್ತಲಲ್ಲಿ ಹೊಳೆಯುವ ಒಂದು ಹಿಡಿ ಇರುತ್ತದಲ್ಲ, ಅದು ಅಮೆರಿಕದ ಹೊಸ ಕಾರುಗಳಲ್ಲಿ ಕಡ್ಡಾಯವಾದದ್ದು 2001ರ ಸೆಪ್ಟೆಂಬರಿನಿಂದ. ಈ ಒಂದೊಂದು ನಿಯಮದ ಹಿಂದೆಯೂ ಊರೆಲ್ಲ ಹುಡುಕಿ ಕೊನೆಗೆ ಮನೆಯ ಆಸುಪಾಸಿನಲ್ಲೇ ಸಿಕ್ಕ ಮಕ್ಕಳಿದ್ದಾರೆ.

ಬಚ್ಚಿಟ್ಟವರು ದೊಡ್ಡವರೇ ಆದಾಗಲೂ ಹೀಗೆಯೇ. 2008ರಲ್ಲಿ ಇಂಗ್ಲೆಂಡಿನ ಡ್ಯೂಸ್‌ಬರಿಯಲ್ಲಿ ಕಾಣೆಯಾದ 9 ವರ್ಷದ ಹುಡುಗಿ 24 ದಿನಗಳ ನಂತರ ಜೀವಂತ ಸಿಕ್ಕಳು. ತನ್ನ ಮನೆಯಿಂದ ಸುಮಾರು ಒಂದು ಮೈಲಿ ದೂರದ ಫ್ಲಾಟಿನಲ್ಲಿ, ಮಂಚದ ತಳದ ಪೆಟ್ಟಿಗೆಯೊಳಗೆ ಅವಳನ್ನು ಅಡಗಿಸಿದ್ದರು. 2012ರ ಆಗಸ್ಟಿನಲ್ಲಿ ಲಂಡನ್ನಿನ ನ್ಯೂ ಆಡಿಂಗ್ಟನ್‌ನಲ್ಲಿ 12 ವರ್ಷದ ಹುಡುಗಿ ಕಾಣೆಯಾದಾಗ ಅಜ್ಜಿಯ ಮನೆಯನ್ನು ಪೊಲೀಸರು ಹುಡುಕಿ ಹೋಗಿದ್ದರು. ಒಂದು ವಾರದ ಮೇಲೆ ಶವ ಸಿಕ್ಕಿದ್ದು ಅದೇ ಮನೆಯ ಅಟ್ಟದಲ್ಲಿ. ಅದಕ್ಕೂ ಮುಂಚೆ ಅಟ್ಟ ಹತ್ತಿ ನೋಡಿಯೂ ಕಾಣದೆ ಹೋಗಿತ್ತು, ಲಂಡನ್ ಪೊಲೀಸರು ಆಮೇಲೆ ಕ್ಷಮೆ ಕೇಳಿದರು.

ಇದರಿಂದ ನನಗೆ ಅನ್ನಿಸುವುದು ಇಷ್ಟು. "ಮನೆ ಹುಡುಕಿದ್ದೇವೆ" ಅನ್ನುವ ಒಂದು ವಾಕ್ಯವನ್ನು ಯಾವ ತನಿಖೆಯಲ್ಲೂ ಒಪ್ಪಿಕೊಳ್ಳಬಾರದು. ಯಾರು ಹುಡುಕಿದರು, ಯಾವ ಕೋಣೆ, ಎಷ್ಟು ಹೊತ್ತಿಗೆ, ಯಾವ ಮುಚ್ಚಳ ತೆಗೆದರು, ಏನನ್ನು ಎತ್ತಿ ನೋಡಲಿಲ್ಲ, ಎಲ್ಲ ಬರೆದಿರಬೇಕು. ಎರಡನೇ ಸಲ ಹುಡುಕುವವರು ಬೇರೆಯವರೇ ಆಗಿರಬೇಕು. ಒಮ್ಮೆ ನೋಡಿದ ಜಾಗವನ್ನು ಮತ್ತೆ ನೋಡುವಾಗ ನಮ್ಮ ಕಣ್ಣು ಸೋಮಾರಿಯಾಗುತ್ತದೆ, ಅಲ್ವಾ? ಮನೆಯವರೂ ಹಾಗೆಯೇ, ದಿನವೂ ಓಡಾಡುವ ಜಾಗದಲ್ಲಿ ಏನಿದೆ ಅಂತ ಅವರು ನೋಡುವುದನ್ನೇ ಬಿಟ್ಟಿರುತ್ತಾರೆ.

ಇನ್ನೊಂದು ಕೆಲಸ ಟೇಪು ಹಿಡಿದು ಮಾಡುವಂಥದ್ದು. ಮನೆಯ ಹೊರಗಿನ ಅಳತೆ ತೆಗೆಯಿರಿ, ಒಳಗಿನ ಕೋಣೆಗಳ ಅಳತೆ ಕೂಡಿಸಿ, ಗೋಡೆಗಳ ದಪ್ಪ ಸೇರಿಸಿ. ಲೆಕ್ಕ ಹೊಂದದಿದ್ದರೆ ಎಲ್ಲೋ ಒಂದಿಷ್ಟು ಜಾಗ ಕಾಣದಂತೆ ಉಳಿದಿದೆ ಅಂತಲೇ ಅರ್ಥ. ಬಹಳ ಮನೆಗಳಲ್ಲಿ ಅದು ಪೈಪು ಹೋಗುವ ಕೊಳವೆಯೋ ಮುಚ್ಚಿಬಿಟ್ಟ ಹಳೆಯ ಒಲೆಯ ಗೂಡೋ ಆಗಿರುತ್ತದೆ. ಆದರೆ ಆಸ್ಟ್ರಿಯಾದ ಸ್ಟ್ರಾಸ್‌ಹೋಫ್‌ನಲ್ಲಿ ಕಣ್ಣಿಗೆ ಬೀಳದ ಜಾಗ ಗ್ಯಾರೇಜಿನ ಕೆಳಗಿನ, ಸುಮಾರು 5 ಚದರ ಮೀಟರಿನ, ಕಿಟಕಿಯೇ ಇಲ್ಲದ ಕೋಣೆಯಾಗಿತ್ತು. 1998ರಲ್ಲಿ 10 ವರ್ಷದವಳಾಗಿದ್ದಾಗ ಅಪಹರಣವಾದ ಹುಡುಗಿ 2006ರಲ್ಲಿ ತಾನೇ ತಪ್ಪಿಸಿಕೊಂಡು ಓಡಿ ಬಂದಳು. ಅವಳನ್ನು ಇಟ್ಟುಕೊಂಡಿದ್ದವನ ಬಳಿ ಬಿಳಿ ವ್ಯಾನ್ ಇತ್ತು ಅನ್ನುವ ಕಾರಣಕ್ಕೆ ಪೊಲೀಸರು 1998ರಲ್ಲೇ ಅವನಲ್ಲಿಗೆ ಹೋಗಿದ್ದರು, ಕಟ್ಟಡದ ಕಸ ಸಾಗಿಸಲು ವ್ಯಾನ್ ಅಂದದ್ದನ್ನು ನಂಬಿ ವಾಪಸ್ ಬಂದಿದ್ದರು. ಯಾವ ಕಟ್ಟಡ, ಏನು ಕಟ್ಟುತ್ತಿದ್ದೀಯ ಅಂತ ಒಳಗೆ ಹೋಗಿ ನೋಡಬಹುದಾಗಿದ್ದ ಕ್ಷಣ ಅದು.

ಕ್ಯಾಲಿಫೋರ್ನಿಯಾದ ಆಂಟಿಯಾಕ್‌ನ ಕಥೆ ಇನ್ನೂ ಸಂಕಟದ್ದು. 1991ರಲ್ಲಿ ಅಪಹರಣವಾದ 11 ವರ್ಷದ ಹುಡುಗಿ 2009ರವರೆಗೆ, ಅಂದರೆ 18 ವರ್ಷ, ಒಂದು ಮನೆಯ ಹಿತ್ತಲಿನಲ್ಲಿ ಬಂದಿಯಾಗಿದ್ದಳು. ಅಪಹರಿಸಿದವನು ಪೆರೋಲಿನ ಮೇಲಿದ್ದ ಅಪರಾಧಿ, ಅಧಿಕಾರಿಗಳು ಆ ಮನೆಗೆ ವರ್ಷಗಟ್ಟಲೆ ಬಂದು ಹೋಗುತ್ತಿದ್ದರು. ಅವರು ನೋಡಿದ್ದು ಒಂದು ಹಿತ್ತಲನ್ನು, ಬೇಲಿಯ ಆಚೆ ಇನ್ನೊಂದು ಹಿತ್ತಲು ಇತ್ತು. 2006ರಲ್ಲಿ ಹಿಂದೆ ಡೇರೆಗಳಲ್ಲಿ ಜನ ಇದ್ದಾರೆ ಅಂತ ಪಕ್ಕದವರು ಫೋನ್ ಮಾಡಿದಾಗಲೂ ಬಂದ ಪೊಲೀಸ್ ಮನೆಯ ಮುಂದೆಯೇ ಮಾತಾಡಿ ಹೋದರು. ಆಮೇಲೆ ನಡೆದ ಸರ್ಕಾರಿ ಪರಿಶೀಲನೆಯ ವರದಿಯಲ್ಲಿ ಒಂದು ವಿವರ ಇದೆ, ನನ್ನ ಮನಸ್ಸಿನಿಂದ ಅದು ಹೋಗುವುದಿಲ್ಲ: ಮನೆಯಿಂದ ಆ ಅಡಗಿದ ಹಿತ್ತಲಿನ ಕಡೆಗೆ ವೈರುಗಳು ಎಲ್ಲರಿಗೂ ಕಾಣುವಂತೆ ಹೋಗಿದ್ದವು. ಅವು ಎಲ್ಲಿಗೆ ಹೋಗುತ್ತಿವೆ ಅಂತ ಯಾರೂ ಹಿಂಬಾಲಿಸಿ ನೋಡಲಿಲ್ಲ. ಮನೆಯ ವಿನ್ಯಾಸ ಅಂದರೆ ಗೋಡೆ ಬಾಗಿಲು ಮಾತ್ರ ಅಲ್ಲ. ವೈರು, ನೀರಿನ ಪೈಪು, ಗಾಳಿ ಹೋಗುವ ಕಿಂಡಿ, ಇವೆಲ್ಲ ಜನ ಇರುವ ಕಡೆಗೇ ಹೋಗುತ್ತವೆ.

ಈಗ ಎಲ್ಲರೂ ಜಾಸ್ತಿ ಜಗಳವಾಡುವ ವಿಷಯಕ್ಕೆ ಬರೋಣ: ಯಾರಿಗೆ ಏನು ಕಾಣಿಸುತ್ತಿತ್ತು, ಏನು ಕೇಳಿಸುತ್ತಿತ್ತು.

2007ರ ಮೇ 3ರಂದು ಪೋರ್ಚುಗಲ್ಲಿನ ಪ್ರಾಯಾ ದ ಲುಜ್‌ನಲ್ಲಿ ರಜೆಗೆ ಬಂದಿದ್ದ ಬ್ರಿಟಿಷ್ ಕುಟುಂಬವೊಂದರ 3 ವರ್ಷದ ಮಗು ನೆಲಮಹಡಿಯ ಮೂಲೆಯ ಫ್ಲಾಟಿನಿಂದ ಕಾಣೆಯಾಯಿತು. ದೊಡ್ಡವರು ಹತ್ತಿರದ ರೆಸ್ಟೋರೆಂಟಿನಲ್ಲಿ ಊಟಕ್ಕೆ ಕೂತು, ಆಗಾಗ ಎದ್ದು ಬಂದು ಮಕ್ಕಳನ್ನು ನೋಡಿ ಹೋಗುತ್ತಿದ್ದರು. ನಕ್ಷೆಯ ಮೇಲೆ ಸ್ಕೇಲು ಇಟ್ಟರೆ ದೂರ ಐವತ್ತು ಮೀಟರಿನ ಆಸುಪಾಸು. ಆದರೆ ಜನ ನಕ್ಷೆಯ ಮೇಲೆ ಹಾರಿ ಹೋಗುವುದಿಲ್ಲ, ಸುತ್ತಿ ಬಳಸಿ ನಡೆದರೆ ಅದು ಅದಕ್ಕಿಂತ ಜಾಸ್ತಿ. ಇನ್ನೊಂದು ಸಣ್ಣ ವಿಷಯ. ಒಂಬತ್ತೂವರೆಯ ಹೊತ್ತಿಗೆ ಗೆಳೆಯರೊಬ್ಬರು ಹೋಗಿ ಮಕ್ಕಳ ಕೋಣೆಯೊಳಗೆ ಇಣುಕಿದರು, ಅವಳಿ ಮಕ್ಕಳು ಕಂಡವು, ಎಲ್ಲ ಸರಿ ಇದೆ ಅಂತ ವಾಪಸಾದರು. ಕಾಣೆಯಾದ ಮಗುವಿನ ಮಂಚ ಅವರು ನಿಂತ ಜಾಗದಿಂದ ಕಾಣುತ್ತಿರಲಿಲ್ಲ. ಅಂದರೆ "ಒಂಬತ್ತೂವರೆಗೆ ನೋಡಿದ್ದೇವೆ" ಅನ್ನುವುದು ನಿಜ, "ಒಂಬತ್ತೂವರೆಗೆ ಮಗು ಇತ್ತು" ಅನ್ನುವುದು ಅದರಿಂದ ಬರುವುದಿಲ್ಲ. ಮಂಚ ಎಲ್ಲಿದೆ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ, ಎಷ್ಟು ತೆರೆದಿತ್ತು, ದೀಪ ಇತ್ತೋ ಇಲ್ಲವೋ, ಇವುಗಳ ಮೇಲೆ ಇಡೀ ರಾತ್ರಿಯ ವೇಳಾಪಟ್ಟಿ ನಿಂತಿರುತ್ತದೆ.

ಆ ವೇಳಾಪಟ್ಟಿಗೆ ಇನ್ನೊಂದು ಪೆಟ್ಟೂ ಬಿತ್ತು. ಸುಮಾರು ಒಂಬತ್ತು ಕಾಲಿಗೆ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದ ಒಬ್ಬ ವ್ಯಕ್ತಿಯನ್ನು ನೋಡಿದ್ದಾಗಿ ಒಬ್ಬರು ಹೇಳಿದ್ದರು. ವರ್ಷಗಟ್ಟಲೆ ಆ ಸಮಯವನ್ನೇ ನಡುವೆ ಇಟ್ಟುಕೊಂಡು ನಕ್ಷೆಯ ಬಾಣಗಳನ್ನು ಎಳೆದರು. ಆ ವ್ಯಕ್ತಿ ಬಹುತೇಕ ತನ್ನದೇ ಮಗುವನ್ನು ಕರೆದೊಯ್ಯುತ್ತಿದ್ದ ಇನ್ನೊಬ್ಬ ಪ್ರವಾಸಿ ಅಂತ 2013ರಲ್ಲಿ ಲಂಡನ್ ಪೊಲೀಸರು ಹೇಳಿದರು. ಒಂದೇ ಗಡಿಯಾರದ ಮುಳ್ಳು ಸರಿದದ್ದಕ್ಕೆ ಅಷ್ಟೂ ಬಾಣಗಳು ಬಿದ್ದುಹೋದವು.

ಶಬ್ದದ ವಿಷಯ ಇನ್ನೂ ಕಷ್ಟ. "ಹತ್ತು ಅಡಿ ದೂರದಲ್ಲಿ ಮಲಗಿದ್ದರು, ಕೇಳಿಸಲೇಬೇಕಿತ್ತು" ಅಂತ ಬರೆಯುವವರು ಒಮ್ಮೆ ತಮ್ಮ ಮನೆಯಲ್ಲೇ ಪರೀಕ್ಷೆ ಮಾಡಿ ನೋಡಲಿ ಅಂತ ನನ್ನ ಆಸೆ. ಫ್ಯಾನ್ ಓಡುತ್ತಿರಲಿ, ಬಾಗಿಲು ಮುಚ್ಚಿರಲಿ, ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಬರಿಗಾಲಿನಲ್ಲಿ ನಡೆಯಲಿ. ಶಬ್ದ ಅಡಿಗಳ ಲೆಕ್ಕದಲ್ಲಿ ಬರುವುದಿಲ್ಲ, ಬಾಗಿಲಿನ ಸಂದು, ನೆಲದ ಮರ, ಟೊಳ್ಳು ಗೋಡೆ, ಹೀಗೆ ದಾರಿ ಹುಡುಕಿಕೊಂಡು ಬರುತ್ತದೆ. ಹತ್ತಿರದ ಕೋಣೆಗೆ ಕೇಳದ್ದು ದೂರದ ಕೋಣೆಗೆ ಕೇಳಬಹುದು. ಕೇಳಿದರೂ ಅದು ಏನು ಅಂತ ಗೊತ್ತಾಗಬೇಕಲ್ಲ?

ನ್ಯೂಜೆರ್ಸಿಯಲ್ಲಿ 1932ರ ಮಾರ್ಚ್ 1ರ ರಾತ್ರಿ ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್ ಅವರ 20 ತಿಂಗಳ ಮಗು ಕಾಣೆಯಾದಾಗ ಹಾಗೇ ಆಯಿತು. ಮಗುವಿನ ಕೋಣೆ ಮೇಲ್ಮಹಡಿಯಲ್ಲಿ, ಅದರ ಕೆಳಗೇ ತಂದೆಯ ಓದುವ ಕೋಣೆ. ಆ ರಾತ್ರಿ ಮರದ ಡಬ್ಬಿಯೊಂದು ಮುರಿದ ಹಾಗೆ ಸದ್ದು ಕೇಳಿತ್ತು ಅಂತ ಅವರು ಹೇಳಿದ್ದರು. ಅಡುಗೆಮನೆಯಲ್ಲಿ ಏನೋ ಬಿತ್ತು ಅಂದುಕೊಂಡು ಸುಮ್ಮನಾಗಿದ್ದರು. ಹೊರಗೆ ಮುರಿದ ಏಣಿ ಸಿಕ್ಕಿದ್ದು ಆಮೇಲೆ. ಅಷ್ಟು ಹತ್ತಿರ, ಎಚ್ಚರವಾಗಿ ಕೂತಿದ್ದ ತಂದೆಗೆ, ಸದ್ದು ಕೇಳಿಯೂ ಅರ್ಥವಾಗಲಿಲ್ಲ. ಮಲಗಿದ್ದವರ ಮೇಲೆ ನಾವು ಎಷ್ಟು ಸುಲಭವಾಗಿ ತೀರ್ಪು ಕೊಡುತ್ತೇವೆ.

ಅದೇ ಮನೆಯಿಂದ ಇನ್ನೊಂದು ಪಾಠವೂ ಇದೆ. ಮಗುವಿನ ಕೋಣೆಯ ಒಂದು ಕಿಟಕಿಯ ಹೊರಬಾಗಿಲು ಮರ ಸೊಟ್ಟಗಾಗಿ ಸರಿಯಾಗಿ ಚಿಲಕ ಬೀಳುತ್ತಿರಲಿಲ್ಲ, ಏಣಿ ಇಟ್ಟದ್ದು ಅದೇ ಕಿಟಕಿಗೆ. ಅವರು ಸಾಮಾನ್ಯವಾಗಿ ವಾರದ ದಿನಗಳಲ್ಲಿ ಆ ಮನೆಯಲ್ಲಿ ಇರುತ್ತಲೂ ಇರಲಿಲ್ಲ, ಮಗುವಿಗೆ ನೆಗಡಿ ಅಂತ ಉಳಿದಿದ್ದರು. ಹಾಗಾದರೆ ಒಳಗಿನವರೇ ಹೇಳಿರಬೇಕು, ಅಲ್ವಾ? ಯಾರಿಗೇ ಆದರೂ ಹಾಗೇ ಅನ್ನಿಸುತ್ತದೆ. ಪೊಲೀಸರು ಮಗುವಿನ ಅಜ್ಜಿಯ ಮನೆಯ ಕೆಲಸದ ಹುಡುಗಿಯನ್ನು ಮತ್ತೆ ಮತ್ತೆ ವಿಚಾರಿಸಿದರು. ಅದೇ ವರ್ಷದ ಜೂನ್‌ನಲ್ಲಿ ಇನ್ನೊಂದು ವಿಚಾರಣೆಗೆ ಮುಂಚೆ ಅವಳು ವಿಷ ಕುಡಿದು ಸತ್ತಳು. ಆ ರಾತ್ರಿ ಅವಳು ಎಲ್ಲಿದ್ದಳು ಅಂತ ಹೇಳಿದ್ದು ನಿಜ ಅನ್ನುವುದು ಆಮೇಲೆ ಖಚಿತವಾಯಿತು. ಕೊನೆಗೆ ಶಿಕ್ಷೆಯಾದದ್ದು ಹೊರಗಿನ ಬಡಗಿಯೊಬ್ಬನಿಗೆ. ಅಲ್ಲಿ ಉಪಯೋಗಕ್ಕೆ ಬಂದದ್ದು ಕಿಟಕಿಯ ಜಾಗ ಅಲ್ಲ, ಏಣಿಯ ಮರ. ಮರದ ತಜ್ಞ ಆರ್ಥರ್ ಕೋಲರ್ ಏಣಿಯ ಒಂದು ಪಟ್ಟಿ ಆ ಬಡಗಿಯ ಮನೆಯ ಅಟ್ಟದ ನೆಲದ ಹಲಗೆಗೆ ಹೊಂದುತ್ತದೆ ಅಂತ ನ್ಯಾಯಾಲಯದಲ್ಲಿ ತೋರಿಸಿದರು.

2002ರ ಜೂನಿನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ 14 ವರ್ಷದ ಹುಡುಗಿಯನ್ನು ತಂಗಿಯ ಪಕ್ಕದಿಂದಲೇ ಎಬ್ಬಿಸಿ ಕರೆದೊಯ್ದಾಗಲೂ ಅಡುಗೆಮನೆಯ ಕಿಟಕಿಯ ಜಾಲರಿ ಕೊಯ್ದಿತ್ತು. ಒಳಗಿನಿಂದ ಕೊಯ್ದದ್ದೋ ಹೊರಗಿನಿಂದಲೋ, ಅಷ್ಟರಲ್ಲಿ ದೊಡ್ಡವನೊಬ್ಬ ತೂರಲು ಆಗುತ್ತದೋ ಅಂತ ತಿಂಗಳುಗಟ್ಟಲೆ ಚರ್ಚೆ ನಡೆಯಿತು, ಮನೆಯವರ ಮೇಲೆ ಅನುಮಾನ ಬಿತ್ತು. ಉತ್ತರ ಬಂದದ್ದು ತಂಗಿಯ ನೆನಪಿನಿಂದ. ಹಿಂದಿನ ವರ್ಷ ಒಂದು ದಿನದ ಕೂಲಿಗೆ ಬಂದಿದ್ದ ವ್ಯಕ್ತಿಯ ಧ್ವನಿ ಅದು ಅಂತ ಅವಳಿಗೆ ಅಕ್ಟೋಬರಿನಲ್ಲಿ ಹೊಳೆಯಿತು. 2003ರ ಮಾರ್ಚಿನಲ್ಲಿ ಹುಡುಗಿ ಜೀವಂತ ಸಿಕ್ಕಳು.

ಎಷ್ಟೋ ಸಲ ಒಳಗೆ ಬಂದವರೇ ಇರುವುದಿಲ್ಲ, ಮಗು ತಾನೇ ಹೊರಗೆ ಹೋಗಿರುತ್ತದೆ. ಆಗ ಕೇಳಬೇಕಾದದ್ದು ಚಿಲಕ ಎಷ್ಟು ಎತ್ತರದಲ್ಲಿದೆ, ಹತ್ತಿರ ಕುರ್ಚಿ ಇತ್ತಾ, ಈ ಮಗು ಕಳೆದ ತಿಂಗಳಲ್ಲಿ ಯಾವ ಬಾಗಿಲು ತೆಗೆಯಲು ಕಲಿತಿತ್ತು ಅಂತ. ಆಟಿಸಂ ಇರುವ ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. 2012ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಆಟಿಸಂ ಇರುವ ಮಕ್ಕಳಲ್ಲಿ ಶೇಕಡಾ 49ರಷ್ಟು ನಾಲ್ಕು ವರ್ಷ ದಾಟಿದ ಮೇಲೆ ಒಮ್ಮೆಯಾದರೂ ಹೇಳದೆ ಹೊರಟುಹೋಗಲು ಯತ್ನಿಸಿದ್ದರು ಅಂತ ಪೋಷಕರು ಹೇಳಿದ್ದರು. ಅವರಲ್ಲಿ ಬಹಳ ಮಕ್ಕಳಿಗೆ ನೀರು ಅಂದರೆ ಸೆಳೆತ. ಅಂಥ ಮಗು ಕಾಣೆಯಾದರೆ ಒಂದು ಗುಂಪು ಮನೆಯೊಳಗೆ ಹುಡುಕುತ್ತಿರುವಾಗಲೇ ಇನ್ನೊಂದು ಗುಂಪು ಹತ್ತಿರದ ಕೆರೆ, ಕೊಳ, ತೊಟ್ಟಿ, ಕಾಲುವೆಗೆ ಓಡಬೇಕು. ನಕ್ಷೆಯನ್ನು ಅಂಗಳಕ್ಕೇ ನಿಲ್ಲಿಸದೆ ನೀರಿನವರೆಗೆ ಎಳೆಯಬೇಕು.

ತನಿಖಾಧಿಕಾರಿಗಳ ಕೈಯಲ್ಲಿ ಇರುವ ನಕ್ಷೆಗೂ ನಮ್ಮ ಫೋನಿನಲ್ಲಿ ಇರುವುದಕ್ಕೂ ಬಹಳ ಅಂತರ ಇದೆ. ಈಗ ಹಲವು ಕಡೆ ಲೇಸರ್ ಸ್ಕ್ಯಾನರ್ ಇಟ್ಟು ಮನೆಯನ್ನು ಮೂರು ಆಯಾಮದಲ್ಲಿ ಆ ದಿನ ಹೇಗಿತ್ತೋ ಹಾಗೆಯೇ ಹಿಡಿದಿಡುತ್ತಾರೆ. ಆಮೇಲೆ ಕುರ್ಚಿ ಸರಿಸಿದರೂ ಮನೆಯನ್ನೇ ಕೆಡವಿದರೂ, ಇಲ್ಲಿ ನಿಂತವರಿಗೆ ಆ ಕಿಟಕಿ ಕಾಣುತ್ತಿತ್ತಾ ಅಂತ ಮತ್ತೆ ಪರೀಕ್ಷಿಸಬಹುದು. ಗಡಿಯಾರ ಹಿಡಿದು ಅದೇ ದಾರಿಯಲ್ಲಿ, ಅದೇ ಬೆಳಕಿನಲ್ಲಿ ನಡೆದು ನೋಡುತ್ತಾರೆ. ಕಿಟಕಿಯ ಕಟ್ಟೆಯ ಮೇಲೆ ಧೂಳು ಕೆದರಿದೆಯಾ, ಜೇಡರ ಬಲೆ ಹರಿದಿದೆಯಾ ಅಂತ ನೋಡುತ್ತಾರೆ. ನಮಗೆ ಸಿಗುವುದು ಎಷ್ಟೋ ವರ್ಷದ ಹಿಂದೆ, ಬೇರೆ ಮಾಲೀಕರು ಇದ್ದಾಗ, ಕೋಣೆ ದೊಡ್ಡದಾಗಿ ಕಾಣಲಿ ಅಂತ ಅಗಲ ಕೋನದ ಲೆನ್ಸಿನಲ್ಲಿ ತೆಗೆದ ಮಾರಾಟದ ಫೋಟೊ. ಅದರ ನಂತರ ಗೋಡೆ ಒಡೆದಿರಬಹುದು, ಬೀಗ ಬದಲಾಗಿರಬಹುದು, ಮಕ್ಕಳು ಕೋಣೆ ಅದಲುಬದಲು ಮಾಡಿಕೊಂಡಿರಬಹುದು. ಅದನ್ನು ಇಟ್ಟುಕೊಂಡು ಮಗು ಕಳೆದುಕೊಂಡ ತಾಯಿಯ ಮೇಲೆ ಬೆರಳು ತೋರಿಸುವುದು ನನಗೆ ಸಹಿಸಲಾಗದ ಸಂಗತಿ. ಮನೆಯವರೇ ತಪ್ಪಿತಸ್ಥರಾದ ಪ್ರಕರಣಗಳೂ ಇವೆ, ಮೇಲೆ ಹೇಳಿದ ಡ್ಯೂಸ್‌ಬರಿಯಲ್ಲಿ ತಾಯಿಗೇ ಶಿಕ್ಷೆಯಾಯಿತು. ಆದರೆ ಅದು ಬಯಲಾದದ್ದು ಮಂಚದೊಳಗೆ ಮಗು ಸಿಕ್ಕ ಮೇಲೆ.

ಹೊರಗಿನವರ ಹತ್ತಿರ ನಿಜಕ್ಕೂ ಉಪಯೋಗದ ಮಾಹಿತಿ ಇರುವುದೂ ಉಂಟು. ಆ ಮನೆಯಲ್ಲಿ ಹಿಂದೆ ಬಾಡಿಗೆಗೆ ಇದ್ದವರು, ಬಣ್ಣ ಹೊಡೆದವರು, ವೈರಿಂಗ್ ಮಾಡಿದವರು, ಪೈಪು ರಿಪೇರಿಗೆ ಹೋದವರು. ಮೆಟ್ಟಿಲ ಕೆಳಗಿನ ಹಲಗೆ ಕಳಚಿ ಬರುತ್ತದೆ, ಸ್ನಾನದಮನೆಯ ಮೇಲಿನ ಫಾಲ್ಸ್ ಸೀಲಿಂಗಿನಿಂದ ಅಟ್ಟಕ್ಕೆ ದಾರಿ ಇದೆ, ಹಿಂಬಾಗಿಲಿನ ಬೀಗ ಎತ್ತಿ ತಳ್ಳಿದರೆ ತೆರೆಯುತ್ತದೆ ಅನ್ನುವುದು ಅವರಿಗೆ ಮಾತ್ರ ಗೊತ್ತಿರುತ್ತದೆ. ನೀವು ಅಂಥವರಾಗಿದ್ದರೆ ಎಲ್ಲರೂ ನೋಡುವ ಕಡೆ ಬರೆಯಬೇಡಿ, ಬಚ್ಚಿಟ್ಟವನೂ ಅದನ್ನು ಓದುತ್ತಿರಬಹುದು. ತನಿಖೆ ನಡೆಸುತ್ತಿರುವ ಠಾಣೆಗೆ ನೇರವಾಗಿ ಫೋನ್ ಮಾಡಿ, ಇವತ್ತೇ ಮಾಡಿ, ಅವರಿಗೆ ಈಗಾಗಲೇ ಗೊತ್ತಿರುತ್ತದೆ ಅಂತ ಅಂದುಕೊಳ್ಳಬೇಡಿ.